ಹುರಿದ ರಾಗಿ, ಹುರಿಯದ ರಾಗಿ: ಮೂರು ಸಲ ಬಿಯರ್ ಮಾಡಿದ ಲೆಕ್ಕ

ರಾಗಿ ಹಾಕಿ ಬಿಯರ್ ಮಾಡಲು ಹೊರಟವನಿಗೆ ಮೂರನೇ ಸಲ ಕೈ ಹತ್ತಿತು. ಮೊದಲ ಎರಡು ಸಲ ಎಲ್ಲಿ ಎಡವಿದೆ, ಯಾಕೆ ಎಡವಿದೆ, ಆಮೇಲೆ ಏನು ಬದಲಾಯಿಸಿದೆ ಅನ್ನುವುದನ್ನು ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಒಂದೆರಡು ಬ್ಯಾಚ್ ಉಳಿದರೆ ನನಗೆ ಖುಷಿ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಊರು ತಿಪಟೂರು ಕಡೆ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅಡ್ಡಿ ಇಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು 1979ರ ಫೆಬ್ರುವರಿಯಿಂದ ಜಾರಿಗೆ ಬಂತು. ಒಬ್ಬರೇ ದೊಡ್ಡವರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಜನ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ, ಅಷ್ಟೆ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಹಾಗಾಗಿ ಊರಿನಲ್ಲಿರುವವರು ರಾಗಿ ಮೊಳಕೆ ಕಟ್ಟುವುದು ಮತ್ತು ಮುಂದೆ ಹೇಳುವ ಎರಡು ಲೋಟದ ಪರೀಕ್ಷೆ, ಇವೆರಡನ್ನು ಮಾತ್ರ ಮಾಡಿ ನೋಡಿ. ಅದೇ ಇದರಲ್ಲಿ ಚೆಂದದ ಭಾಗ.

ಬಾರ್ಲಿ ಬಿಯರ್ ಮಾಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಅಂಗಡಿಯಿಂದ ಮಾಲ್ಟ್ ತರುವುದು, ಬಿಸಿ ನೀರಲ್ಲಿ ನೆನೆಸುವುದು, ಸೋಸಿ ಕುದಿಸುವುದು, ತಣಿಸಿ ಯೀಸ್ಟ್ ಹಾಕುವುದು. ಒಂದು ದಿನ ಮಾಲ್ಟ್ ಚೀಲದ ಮೇಲಿದ್ದ ವಿವರ ಓದುತ್ತಿದ್ದೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇರು ಉದುರಿಸಿದ್ದು ಅಂತ ಇತ್ತು. ನಮ್ಮ ಮನೆಯಲ್ಲಿ ಮಗುವಿಗೆ ರಾಗಿ ಸರಿ ಮಾಡಲು ಅಮ್ಮ ಮಾಡುತ್ತಿದ್ದದ್ದು ಅಕ್ಷರಶಃ ಇದೇ ಅಲ್ವಾ? ರಾಗಿ ಮಾಲ್ಟ್ ಅಂತ ನಾವು ಕರೆಯುವುದೂ ಅದಕ್ಕೇ. ಹಾಗಾದರೆ ಅರ್ಧ ಕೆಲಸ ನನಗೆ ಬಂದೇ ಬರುತ್ತದೆ ಅಂದುಕೊಂಡು ಇಂಡಿಯನ್ ಅಂಗಡಿಯಿಂದ ಎರಡು ಕಿಲೋ ಇಡೀ ರಾಗಿ ತಂದೆ.

ಮೊಳಕೆ ಕಟ್ಟಿದ್ದು

ಇದು ಮೂರೂ ಸಲ ಹೆಚ್ಚುಕಮ್ಮಿ ಒಂದೇ ರೀತಿ ಮಾಡಿದ್ದು. ಮೊದಲು ರಾಗಿಯನ್ನು ನೀರಲ್ಲಿ ಗಾಳಿಸಿ ಕಲ್ಲು, ಮರಳು ತೆಗೆಯಬೇಕು. ಒಂದು ಕಿಲೋ ರಾಗಿಯಲ್ಲಿ ಪಾತ್ರೆಯ ತಳದಲ್ಲಿ ಅರ್ಧ ಚಮಚದಷ್ಟು ಮರಳು ಉಳಿಯಿತು. ಹೊಟ್ಟು, ಜೊಳ್ಳು ತೇಲಿ ಬರುತ್ತವೆ, ಬಗ್ಗಿಸಿಬಿಡಿ. ನೀರು ತಿಳಿಯಾಗಲು ಏಳೆಂಟು ಸಲ ತೊಳೆಯಬೇಕಾಯಿತು.

ಆಮೇಲೆ 10 ಗಂಟೆ ನೆನೆಹಾಕಿ, ನೀರು ಬಸಿದು 2 ಗಂಟೆ ಹಾಗೇ ಬಿಡಬೇಕು, ಮತ್ತೆ 6 ಗಂಟೆ ನೆನೆಸಬೇಕು. ನಡುವೆ ಬಸಿಯುವುದು ಯಾಕೆಂದರೆ ಕಾಳಿಗೂ ಉಸಿರು ಬೇಕು. ನೀರಲ್ಲೇ ಬಿಟ್ಟರೆ ಅರ್ಧ ಕಾಳು ಉಸಿರುಕಟ್ಟಿ ಹುಳಿ ವಾಸನೆ ಬರುತ್ತದೆ.

ಬಾರ್ಲಿಗೆ 15, 16 ಡಿಗ್ರಿ ಸೆಲ್ಸಿಯಸ್ ತಂಪು ಇಷ್ಟ. ರಾಗಿ ಬಿಸಿಲು ನಾಡಿನ ಕಾಳು, ಅದಕ್ಕೆ 25ರಿಂದ 30 ಡಿಗ್ರಿ ಬೇಕು. ಪೋರ್ಟ್‌ಲ್ಯಾಂಡ್‌ನ ಫೆಬ್ರುವರಿಯಲ್ಲಿ ಅಡುಗೆಮನೆಯೇ 18 ಡಿಗ್ರಿ. ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿಟ್ಟರೆ ಒಳಗೆ 28 ಡಿಗ್ರಿ ನಿಲ್ಲುತ್ತದೆ. ಒದ್ದೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ, ದೊಡ್ಡ ತಟ್ಟೆಯಲ್ಲಿಟ್ಟು ಅಲ್ಲಿ ಇರಿಸಿದೆ. ಎಂಟು ಗಂಟೆಗೊಮ್ಮೆ ಬಿಚ್ಚಿ, ನೀರು ಚಿಮುಕಿಸಿ, ಕೈಯಾಡಿಸಿ ಮತ್ತೆ ಕಟ್ಟುವುದು.

ಒಂದು ದಿನಕ್ಕೆ ಬಿಳಿ ಮೂತಿ ಕಾಣಿಸಿತು. ಎರಡನೇ ದಿನ ಬೇರು ಕಾಳಿನ ಎರಡರಷ್ಟು. ಕೈಗೆತ್ತಿಕೊಂಡರೆ ಕಾಳು ಕಾಳಾಗಿ ಬರುವುದಿಲ್ಲ, ಕಂಬಳಿಯ ಹಾಗೆ ಹೆಣೆದುಕೊಂಡು ಒಟ್ಟಿಗೇ ಏಳುತ್ತದೆ. ಕೆಳಗೆ ಕೆಂಪು, ಮೇಲೆ ಬಿಳಿ ನೂಲಿನ ಜಾಲ. ಮೂಗಿಗೆ ಹಿಡಿದರೆ ಆಗಷ್ಟೇ ಕೊಯ್ದ ಸೌತೆಕಾಯಿ ವಾಸನೆ. ಈ ವಾಸನೆ ಇರುವ ತನಕ ಎಲ್ಲ ಸರಿಯಾಗಿದೆ ಅಂತ ಅರ್ಥ. ಮುಗ್ಗಲು ವಾಸನೆ ಬಂದರೆ, ಹಸಿರೋ ಕಪ್ಪೋ ಬೂಷ್ಟು ಕಂಡರೆ, ಪೂರ್ತಿ ಎಸೆಯಿರಿ. ಅದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ನೂರು ಕಾಳು ಎಣಿಸಿ ನೋಡಿದೆ, 92 ಮೊಳೆತಿದ್ದವು. ಹಡಗಿನಲ್ಲಿ ಬಂದು ಅಂಗಡಿ ಕಪಾಟಿನಲ್ಲಿ ಎಷ್ಟು ದಿನ ಕೂತಿತ್ತೋ, ಆದರೂ 92. ರಾಗಿಯನ್ನು ವರ್ಷಗಟ್ಟಲೆ ಹಗೇವಿನಲ್ಲಿ ಇಡುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು.

ಎರಡೂವರೆ ದಿನಕ್ಕೆ ನಿಲ್ಲಿಸಿದೆ.

ಮೊದಲ ಸಲ, ಫೆಬ್ರುವರಿ

ಇಲ್ಲಿಂದ ಮುಂದೆ ಅಮ್ಮನ ದಾರಿಯಲ್ಲೇ ಹೋದೆ. ಫ್ಯಾನ್ ಕೆಳಗೆ ಹರಡಿ ಒಣಗಿಸಿದೆ, ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ. ಕಾಳು ಚಟಪಟ ಅನ್ನುವ ತನಕ, ಘಮ ಮನೆ ತುಂಬುವ ತನಕ. ಮೊಳಕೆ ಉಜ್ಜಿ, ಕೇರಿ, ಮಿಕ್ಸಿಗೆ ಹಾಕಿದೆ. ಒಂದು ಕಿಲೋದಷ್ಟು ಹಿಟ್ಟು. ಬಾರ್ಲಿ ಒಂದು ಕಾಳೂ ಇಲ್ಲದೆ ಪೂರ್ತಿ ರಾಗಿಯಲ್ಲೇ ನಾಲ್ಕು ಲೀಟರ್ ಮಾಡಬೇಕು ಅನ್ನುವ ಆಸೆ.

66 ಡಿಗ್ರಿ ನೀರಿಗೆ ಹಿಟ್ಟು ಕಲಸಿ, ಮುಚ್ಚಿ, ಒಂದು ಗಂಟೆ ಇಟ್ಟೆ. ಇದನ್ನೇ ಮ್ಯಾಶ್ ಅನ್ನುವುದು. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟಿದ ಕಿಣ್ವಗಳು ಈ ಬಿಸಿಯಲ್ಲಿ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಬೇಕು. ಯೀಸ್ಟ್ ತಿನ್ನುವುದು ಸಕ್ಕರೆಯನ್ನು, ಪಿಷ್ಟವನ್ನಲ್ಲ.

ಒಂದು ಗಂಟೆ ಬಿಟ್ಟು ರುಚಿ ನೋಡಿದೆ. ಸಿಹಿ ಇಲ್ಲ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ, ಪಕ್ಕದಲ್ಲಿ ಅಯೋಡಿನ್ ತೊಟ್ಟು ಹಾಕಿ ಕಡ್ಡಿಯಿಂದ ಕೂಡಿಸಿದೆ. ಪಿಷ್ಟ ಉಳಿದಿದ್ದರೆ ನೀಲಿ, ಮುಗಿದಿದ್ದರೆ ಅಯೋಡಿನ್‌ನ ಹಳದಿ ಕಂದು ಹಾಗೇ ಇರುತ್ತದೆ. ಮುಟ್ಟಿದ ಕೂಡಲೇ ಕಡು ನೀಲಿ, ಶಾಯಿ ಚೆಲ್ಲಿದ ಹಾಗೆ. ಇನ್ನೊಂದು ಗಂಟೆ ಕಾದೆ. ಮತ್ತೆ ಶಾಯಿ. ಸೋಸಿ, ಕರಗಿದ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟರೆ 1.014 (ಬರೀ ನೀರಾದರೆ 1.000). ಬಿಯರ್‌ಗೆ 1.045 ಹತ್ತಿರ ಬೇಕು. ಯೀಸ್ಟ್ ಪೊಟ್ಟಣ ಒಡೆಯಲೇ ಇಲ್ಲ, ಎಲ್ಲ ಕಾಂಪೋಸ್ಟ್ ಗುಂಡಿಗೆ ಹೋಯಿತು.

ಎರಡು ಲೋಟ

ಕಿಣ್ವ ಇಲ್ಲವೋ, ಇದ್ದೂ ಕೆಲಸ ಮಾಡಲಿಲ್ಲವೋ? ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗುವ ಹಾಗಿರಲಿಲ್ಲ. ಮತ್ತೆ ಅರ್ಧ ಕಿಲೋ ರಾಗಿ ಮೊಳಕೆ ಕಟ್ಟಿದೆ. ಈ ಸಲ ಎರಡು ಪಾಲು ಮಾಡಿದೆ. ಒಂದು ಪಾಲನ್ನು ಹಿಂದಿನಂತೆ ಹುರಿದೆ. ಇನ್ನೊಂದನ್ನು ಹಣ್ಣು ಒಣಗಿಸುವ ಡಿಹೈಡ್ರೇಟರ್‌ನಲ್ಲಿ ತಟ್ಟೆಗೆ ಬಟ್ಟೆ ಹಾಸಿ, 45 ಡಿಗ್ರಿಯಲ್ಲಿ 20 ಗಂಟೆ ಒಣಗಿಸಿದೆ. ಎರಡನ್ನೂ ಬೇರೆ ಬೇರೆ ಬೀಸಿಟ್ಟೆ.

ಆಮೇಲೆ ಮಾಮೂಲಿ ರಾಗಿ ಹಿಟ್ಟಿನ ಗಂಜಿ ಕಾಯಿಸಿದೆ. ಅರ್ಧ ಲೀಟರ್ ನೀರಿಗೆ 75 ಗ್ರಾಂ ಹಿಟ್ಟು. ಚಮಚ ನಿಲ್ಲುವಷ್ಟು ಗಟ್ಟಿ. 65 ಡಿಗ್ರಿಗೆ ಆರಿದ ಮೇಲೆ ಎರಡು ಸ್ಟೀಲ್ ಲೋಟಕ್ಕೆ ಸಮ ಹಾಕಿ, ಎರಡನ್ನೂ ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟೆ. ಎಡ ಲೋಟಕ್ಕೆ ಹುರಿದ ಮಾಲ್ಟ್ ಒಂದು ಚಮಚ, ಬಲ ಲೋಟಕ್ಕೆ ಹುರಿಯದ ಮಾಲ್ಟ್ ಒಂದು ಚಮಚ. ಕಲಸಿ ಬಿಟ್ಟೆ.

ಎರಡು ನಿಮಿಷದಲ್ಲಿ ಬಲ ಲೋಟದ ಚಮಚ ವಾಲಿತು. ಐದು ನಿಮಿಷಕ್ಕೆ ಗಂಜಿ ಮಜ್ಜಿಗೆಯಷ್ಟು ತೆಳು. ಹತ್ತು ನಿಮಿಷಕ್ಕೆ ಲೋಟ ಅಲ್ಲಾಡಿಸಿದರೆ ನೀರಿನ ಹಾಗೆ ಕುಲುಕಿತು, ತಳದಲ್ಲಿ ಸಿಪ್ಪೆ ಕೂತು ಮೇಲೆ ಕಂದು ತಿಳಿ ನಿಂತಿತು. ನಾಲಿಗೆಗೆ ಹಚ್ಚಿದರೆ ಸಿಹಿ. ಒಂದು ಹರಳು ಸಕ್ಕರೆ ಹಾಕದ ಗಂಜಿ! ಎಡ ಲೋಟದಲ್ಲಿ ಚಮಚ ನಿಂತ ಹಾಗೇ ನಿಂತಿತ್ತು.

ನಾನು ಅರ್ಧ ಗಂಟೆ ಆ ಎರಡು ಲೋಟ ನೋಡುತ್ತಾ ಕೂತಿದ್ದೆ. ಹುರಿದಾಗ ಕಿಣ್ವ ಸತ್ತಿತ್ತು. ಅಷ್ಟೇ ವಿಷಯ. ಕಿಣ್ವ ಅಂದರೆ ಪ್ರೋಟೀನ್ ತಾನೆ, ಮೊಟ್ಟೆ ಬೆಂದ ಹಾಗೆ ಅದೂ ಬೇಯುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ರಾಗಿ ಸರಿಗೆ ಹುರಿಯುವುದು ತಪ್ಪೇನಲ್ಲ. ಅಲ್ಲಿ ಬೇಕಾದ್ದು ಘಮ, ಮತ್ತೆ ಹಿಟ್ಟು ಕೆಡದೆ ಬಹಳ ದಿನ ಇರುವುದು. ಆದರೆ ಮಕ್ಕಳ ಆಹಾರದಲ್ಲೂ ಹುರಿಯದ ಮಾಲ್ಟ್‌ಗೆ ಬೇರೆಯದೇ ಬೆಲೆ ಇದೆ. ಗಟ್ಟಿ ಗಂಜಿಗೆ ಇದನ್ನು ಸ್ವಲ್ಪ ಸೇರಿಸಿದರೆ ಅದು ತೆಳುವಾಗುತ್ತದೆ, ಪುಟ್ಟ ಹೊಟ್ಟೆಗೆ ಅಷ್ಟೇ ಗುಟುಕಿನಲ್ಲಿ ಜಾಸ್ತಿ ಹಿಟ್ಟು ಸೇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ ಮಾಲ್ಟ್ ಮೇಲೆ ಇದೇ ಉದ್ದೇಶಕ್ಕೆ ತುಂಬ ಕೆಲಸ ಮಾಡಿದೆ. ಸಿರಿಧಾನ್ಯಗಳ ಪೈಕಿ ಮಾಲ್ಟ್‌ಗೆ ರಾಗಿ ಬಹಳ ಒಳ್ಳೆಯ ಕಾಳು.

ಎರಡನೇ ಸಲ, ಏಪ್ರಿಲ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹುರಿಯದ ರಾಗಿ ಮಾಲ್ಟ್ 1 ಕಿಲೋ, ಬಾರ್ಲಿ ಮಾಲ್ಟ್ ಒಂದೂವರೆ ಕಿಲೋ, ಮತ್ತೆ ಅದೇ 66 ಡಿಗ್ರಿ. ಎರಡು ತಪ್ಪು ಮಾಡಿದೆ.

ಮೊದಲನೆಯದು, ರಾಗಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಬೀಸಿದ್ದು. ಬಾರ್ಲಿಗೆ ಮೇಲೆ ಹೊಟ್ಟು ಇರುತ್ತದೆ. ಮ್ಯಾಶ್ ಸೋಸುವಾಗ ಆ ಹೊಟ್ಟೇ ಜರಡಿ. ರಾಗಿಗೆ ಅಂಥ ಹೊಟ್ಟಿಲ್ಲ. ನುಣ್ಣನೆ ಹಿಟ್ಟು ಬಾರ್ಲಿ ಹೊಟ್ಟಿನ ಸಂದುಗಳಲ್ಲಿ ಕೂತು ಕೆಸರಿನ ಹಾಗೆ ಕಟ್ಟಿತು. ನಲ್ಲಿ ತಿರುಗಿಸಿದರೆ ನಾಲ್ಕು ತೊಟ್ಟು ಬಂದು ನಿಂತಿತು. ಕೊಳವೆಯಿಂದ ಊದಿದೆ, ಕಲಕಿದೆ, ಬಿಸಿ ನೀರು ಸುರಿದೆ. ಎರಡೂವರೆ ಗಂಟೆಯ ನಂತರ ಎಲ್ಲವನ್ನೂ ಹಳೆ ಪಂಚೆಗೆ ಸುರಿದು ಹಿಂಡಿದೆ. ಮೊಣಕೈ ತನಕ ಅಂಟು, ನೆಲವೆಲ್ಲ ಅಂಟು.

ಎರಡನೆಯದು ಬಿಸಿಯ ಲೆಕ್ಕ. ಪಿಷ್ಟ ಮೊದಲು ಬೆಂದು ಉಬ್ಬಬೇಕು, ಆಮೇಲೆ ಕಿಣ್ವ ಅದರೊಳಗೆ ಕೈಹಾಕುತ್ತದೆ. ಬಾರ್ಲಿ ಪಿಷ್ಟ 60 ಡಿಗ್ರಿ ದಾಟುತ್ತಿದ್ದ ಹಾಗೆ ಬೇಯುತ್ತದೆ. ರಾಗಿ ಪಿಷ್ಟಕ್ಕೆ ಅದಕ್ಕಿಂತ ಜಾಸ್ತಿ ಕಾವು ಬೇಕು. 66 ಡಿಗ್ರಿಯಲ್ಲಿ ರಾಗಿ ಅರೆಬೆಂದು ಉಳಿಯಿತು. ಲೋಟದ ಪರೀಕ್ಷೆಯಲ್ಲಿ ಗಂಜಿ ಮೊದಲೇ ಕುದಿದಿತ್ತು, ಅದಕ್ಕೇ ಅಲ್ಲಿ ಅಷ್ಟು ಬೇಗ ಕರಗಿದ್ದು. ಕಣ್ಣೆದುರಿಗೇ ಇತ್ತು, ಆಗ ಹೊಳೆಯಲಿಲ್ಲ.

1.034 ಬಂತು. ಯೀಸ್ಟ್ ಹಾಕಿ ಬಾಟಲಿ ತುಂಬಿಸಿದೆ. ಒಂದು ತಿಂಗಳಿಗೆ ಬಿಯರ್ ಹುಳಿಯಾಗಿ, ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ಮೇಲಕ್ಕೆ ಹಾರುತ್ತಿತ್ತು. ಉಳಿದ ಪಿಷ್ಟ ಬೇಡದ ಸೂಕ್ಷ್ಮಜೀವಿಗಳಿಗೆ ಊಟವಾಗಿತ್ತು ಅಂತ ನನ್ನ ಅನಿಸಿಕೆ. ಬಾಟಲಿ ಒಡೆಯುವ ಅಪಾಯ ಇದ್ದದ್ದರಿಂದ ಕೈಗವಸು, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ತೆಗೆದು ಸುರಿದೆ.

ಬೇಸಗೆ ಪೂರ್ತಿ ಓದಿದ್ದು

ಇಕ್ಕಟ್ಟು ಇಷ್ಟೆ: ಪಿಷ್ಟ ಬೇಯುವ ಬಿಸಿಯಲ್ಲಿ ಕಿಣ್ವ ಸಾಯುತ್ತದೆ, ಕಿಣ್ವ ಬದುಕುವ ಬಿಸಿಯಲ್ಲಿ ಪಿಷ್ಟ ಬೇಯುವುದಿಲ್ಲ. ರಾಗಿ ಕುಡಿಯುವ ಬೇರೆ ಜನ ಏನು ಮಾಡುತ್ತಾರೆ ಅಂತ ಹುಡುಕಿದೆ.

ಸಿಕ್ಕಿಂ, ನೇಪಾಳದ ಕಡೆ ಕೋದೋ ಅಂದರೆ ನಮ್ಮ ರಾಗಿಯೇ. ಅಲ್ಲಿಯ ತೋಂಗ್ಬಾ ಅನ್ನುವ ರಾಗಿ ಮದ್ಯಕ್ಕೆ ರಾಗಿಯನ್ನು ಇಡಿಯಾಗಿ ಬೇಯಿಸಿ ಮರ್ಚಾ ಅನ್ನುವ ಬಿಲ್ಲೆ ಪುಡಿ ಮಾಡಿ ಹಾಕುತ್ತಾರೆ. ಪಿಷ್ಟ ಕತ್ತರಿಸುವ ಕೆಲಸ ಆ ಬಿಲ್ಲೆಯಲ್ಲಿರುವ ಬೂಷ್ಟಿನದು. ಮೊಳಕೆಯೇ ಬೇಕಿಲ್ಲ. ಒಳ್ಳೆಯ ದಾರಿ, ಆದರೆ ನಾನು ಹುಡುಕುತ್ತಿದ್ದದ್ದು ಅದಲ್ಲ.

ಬೇಕಾದ್ದು ಸಿಕ್ಕಿದ್ದು ಆಫ್ರಿಕಾದಲ್ಲಿ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಉಗಾಂಡದ ತೇಸೋ ಜನ ಅಜೋನ್ ಅಂತ ರಾಗಿ ಬಿಯರ್ ಮಾಡುತ್ತಾರೆ, ಒಂದೇ ಮಡಕೆಯ ಸುತ್ತ ಕೂತು ಉದ್ದ ಕೊಳವೆಗಳಲ್ಲಿ ಹೀರುತ್ತಾರೆ. ಅವರು ರಾಗಿ ಹಿಟ್ಟನ್ನು ಕಲಸಿ ಹುಳಿ ಬರಿಸಿ, ಅದನ್ನು ಬೆಂಕಿಯ ಮೇಲೆ ಚೆನ್ನಾಗಿ ಹುರಿಯುತ್ತಾರೆ. ಆಮೇಲೆ ಅದಕ್ಕೆ ನೀರು ಮತ್ತು ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ಸೇರಿಸುತ್ತಾರೆ. ಹುರಿದದ್ದು ಘಮಕ್ಕೆ, ಹುರಿಯದ್ದು ಕೆಲಸಕ್ಕೆ. ನನ್ನ ಎಡ ಲೋಟ, ಬಲ ಲೋಟ ಎರಡೂ ಒಂದೇ ಮಡಕೆಯಲ್ಲಿ! ಯಾವ ಥರ್ಮಾಮೀಟರ್ ಇಲ್ಲದೆ ಇದನ್ನು ಕಂಡುಕೊಂಡವರ ಮೇಲೆ ನನಗೆ ದೊಡ್ಡ ಗೌರವ ಬಂತು.

ಇನ್ನೊಂದು ಉಪಾಯ ಜೋಳ ಮತ್ತು ಸಿರಿಧಾನ್ಯದಲ್ಲಿ ಬಿಯರ್ ಮಾಡುವವರದು. ಮಾಲ್ಟ್ ಹಿಟ್ಟನ್ನು ಮೊದಲು ಉಗುರುಬಿಸಿಗಿಂತ ಸ್ವಲ್ಪ ಜಾಸ್ತಿ ಬಿಸಿಯ ನೀರಿನಲ್ಲಿ ನೆನೆಸುತ್ತಾರೆ. ಕಿಣ್ವ ನೀರಿಗಿಳಿಯುತ್ತದೆ, ಪಿಷ್ಟ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ತೆಗೆದಿಟ್ಟುಕೊಂಡು ಕೆಳಗಿನ ಮಡ್ಡಿಯನ್ನು ಕುದಿಸುತ್ತಾರೆ. ಆರಿದ ಮೇಲೆ ತಿಳಿಯನ್ನು ವಾಪಸ್ ಸೇರಿಸುತ್ತಾರೆ. ಇಕ್ಕಟ್ಟು ಮುಗಿಯಿತು.

ಮೂರನೇ ಸಲ, ಅಕ್ಟೋಬರ್

1.2 ಕಿಲೋ ರಾಗಿ ಮೊಳಕೆ ಕಟ್ಟಿ, 45 ಡಿಗ್ರಿಯಲ್ಲಿ ಒಣಗಿಸಿ, ಎರಡು ಅಂಗೈ ನಡುವೆ ಉಜ್ಜಿ ಬೇರು ಉದುರಿಸಿದೆ. ಮೊರ ಇಲ್ಲ, ಟೇಬಲ್ ಫ್ಯಾನ್ ಮುಂದೆ ತೂರಿದೆ. ಕೊನೆಗೆ 1,040 ಗ್ರಾಂ ಸಿಕ್ಕಿತು. ಅದರಲ್ಲಿ 100 ಗ್ರಾಂ ಮಾತ್ರ ಬಾಣಲೆಯಲ್ಲಿ ಹುರಿದೆ, 900 ಗ್ರಾಂ ಹಾಗೇ. ಬಾರ್ಲಿ ಮಾಲ್ಟ್ ಒಂದೂವರೆ ಕಿಲೋ.

ಪುಡಿ ಮಾಡುವುದರಲ್ಲಿ ಈ ಸಲ ತಾಳ್ಮೆ ತಂದುಕೊಂಡೆ. ಬಾರ್ಲಿ ಒಡೆಯುವ ರೋಲರ್ ಗಿರಣಿಯಲ್ಲಿ ರಾಗಿ ಒಡೆಯದೆ ಉದುರಿಬಿಡುತ್ತದೆ, ಅಷ್ಟು ಸಣ್ಣ ಕಾಳು. ಮಿಕ್ಸಿಯಲ್ಲಿ ಒಂದೊಂದೇ ಹಿಡಿ ಹಾಕಿ, ಎರಡೆರಡು ಸೆಕೆಂಡ್ ತಿರುಗಿಸಿ, ಸಣ್ಣ ರವೆಯಂತೆ ತರಿತರಿಯಾಗಿ ಒಡೆದೆ.

ನೀರಿನ ಬಗ್ಗೆ ಒಂದು ಮಾತು. ಪೋರ್ಟ್‌ಲ್ಯಾಂಡ್‌ಗೆ ಬುಲ್ ರನ್ ಕಾಡಿನಿಂದ ಬರುವ ನೀರು ತುಂಬ ಮೆದು, ಲವಣ ಬಹಳ ಕಡಿಮೆ. ಬಿಯರ್‌ಗೆ ಇದು ಖಾಲಿ ಹಲಗೆ ಇದ್ದ ಹಾಗೆ, ಬೇಕಾದ್ದನ್ನು ನಾವೇ ಹಾಕಿಕೊಳ್ಳಬಹುದು. ಜಿಪ್ಸಮ್ 2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ ಹಾಕಿದೆ. ನಲ್ಲಿ ನೀರಿಗೆ ರೋಗಾಣು ಕೊಲ್ಲಲು ಕ್ಲೋರಮಿನ್ ಸೇರಿಸಿರುತ್ತಾರೆ, ಅದು ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ, ಬಿಯರ್‌ಗೆ ಸುಟ್ಟ ಪ್ಲಾಸ್ಟಿಕ್ ರುಚಿ ಕೊಡುತ್ತದೆ. ಅದನ್ನು ತೆಗೆಯಲು ಬ್ರೂಯಿಂಗ್ ಅಂಗಡಿಯ ಕ್ಯಾಂಪ್ಡನ್ ಮಾತ್ರೆ ಕಾಲು ಭಾಗ ಪುಡಿ ಮಾಡಿ ಕಲಕಿದರೆ ಸಾಕು.

ಬೆಳಿಗ್ಗೆ 9.10: ರಾಗಿ ಎಲ್ಲವನ್ನೂ 4 ಲೀಟರ್ ನೀರಿಗೆ ಕಲಸಿದೆ. ಬಿಸಿ 48 ಡಿಗ್ರಿ. ಮುಚ್ಚಿಟ್ಟೆ.

9.45: ಮಡ್ಡಿ ಕೂತಿದೆ. ಮೇಲೆ ತೆಳು ಚಹಾ ಬಣ್ಣದ ನೀರು. ಸೌಟಿನಿಂದ ಕಲಕದ ಹಾಗೆ ಒಂದೂವರೆ ಲೀಟರ್ ತೆಗೆದಿಟ್ಟೆ. ಈ ಪಾತ್ರೆಯನ್ನು ಒಲೆಯಿಂದ ದೂರ ಇಟ್ಟೆ. ಇಡೀ ಬಿಯರ್ ಇದರ ಮೇಲೆ ನಿಂತಿದೆ ಅನ್ನುವ ಭಯ.

9.50: ಮಡ್ಡಿಯನ್ನು ಒಲೆ ಮೇಲೇರಿಸಿದೆ. ಇಲ್ಲಿಂದ ಮುಂದಿನದು ಬಿಯರ್ ಅಲ್ಲ, ಮುದ್ದೆಯ ಎಸರು. 70 ಡಿಗ್ರಿ ದಾಟುತ್ತಿದ್ದ ಹಾಗೆ ಕೈಗೆ ಭಾರ ತಿಳಿಯಿತು. ಸೌಟು ತಿರುಗಲಿಲ್ಲ. ಮುದ್ದೆ ಕೋಲು ತಂದುಕೊಂಡೆ. ಅದನ್ನು ಊರಿಂದ ಸೂಟ್‌ಕೇಸ್‌ನಲ್ಲಿ ತಂದದ್ದು ಈ ಕೆಲಸಕ್ಕಲ್ಲ, ಆದರೆ ಇದಕ್ಕಿಂತ ಸರಿಯಾದ ಸಲಕರಣೆ ಯಾವ ಬ್ರೂಯಿಂಗ್ ಅಂಗಡಿಯಲ್ಲೂ ಸಿಗಲಾರದು. ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಕೋಲನ್ನು ಅಂಚಿಗೆ ಒತ್ತಿ ತಿರುವಿದೆ. ತಳ ಹಿಡಿಯಲು ಬಿಡಬಾರದು. ಗುಳ್ಳೆ ಒಡೆದಾಗ ಬಿಸಿ ಗಂಜಿ ಮೊಣಕೈಗೆ ಸಿಡಿಯುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. 20 ನಿಮಿಷ ಕುದಿಸಿದೆ.

ಇನ್ನೊಂದು ದೊಡ್ಡ ಪಾತ್ರೆಯಲ್ಲಿ ಬಟ್ಟೆ ಚೀಲ ಹಾಸಿ ಬಾರ್ಲಿ ಮಾಲ್ಟ್ ಮತ್ತು ಎರಡು ಹಿಡಿ ಭತ್ತದ ಹೊಟ್ಟನ್ನು 52 ಡಿಗ್ರಿ ನೀರಿನಲ್ಲಿ, ನಾಲ್ಕೂವರೆ ಲೀಟರ್, ನೆನೆಸಿಟ್ಟಿದ್ದೆ. ಹೊಟ್ಟಿಗೆ ರುಚಿ ಇಲ್ಲ, ಸೋಸಲು ದಾರಿ ಮಾಡಿಕೊಡುತ್ತದೆ. ರಾಗಿಗಿಲ್ಲದ ಹೊಟ್ಟನ್ನು ಭತ್ತದಿಂದ ಸಾಲ ತಂದ ಹಾಗೆ.

10.25: ಕುದಿಯುವ ರಾಗಿಯನ್ನು ಬಾರ್ಲಿಗೆ ಸುರಿದೆ. ದೊಡ್ಡ ದೊಡ್ಡ ಉಂಡೆ. ಕೋಲಿನಿಂದ ಒಡೆಯುತ್ತಾ ಹೋದೆ. ಬಿಸಿ 67. ತೆಗೆದಿಟ್ಟ ತಿಳಿ ಸೇರಿಸಿದೆ, 62ಕ್ಕೆ ಇಳಿಯಿತು. ಸಣ್ಣ ಉರಿಯಲ್ಲಿ ಕಲಕುತ್ತಾ 66ಕ್ಕೆ ತಂದೆ.

ಏಪ್ರಿಲ್‌ನಿಂದ ಕಾದದ್ದು ಆಗ ಆಯಿತು. ಕೋಲು ಹಗುರವಾಗುತ್ತಾ ಬಂತು. ಹತ್ತು ನಿಮಿಷದ ಹಿಂದೆ ಪಾತ್ರೆಯನ್ನೇ ಎತ್ತಿಕೊಂಡು ಬರುತ್ತಿದ್ದ ಮುದ್ದೆ ಈಗ ಸಾರಿನಷ್ಟು ತೆಳು. ಬಲ ಲೋಟದಲ್ಲಿ ಕಂಡದ್ದು ಈಗ ಹತ್ತು ಲೀಟರ್ ಪಾತ್ರೆಯಲ್ಲಿ.

11.30: ಬಿಳಿ ತಟ್ಟೆ, ಒಂದು ತೊಟ್ಟು, ಅಯೋಡಿನ್. ಹಳದಿ ಹಳದಿಯಾಗೇ ಉಳಿಯಿತು. ಇನ್ನೊಂದು ತೊಟ್ಟು ಹಾಕಿದೆ. ಹಳದಿಯೇ.

ಚೀಲ ಎತ್ತಿ ತೂಗುಹಾಕಿ, ಆರೂವರೆ ಲೀಟರ್ ಬಿಸಿ ನೀರಿನಿಂದ ನಿಧಾನಕ್ಕೆ ತೊಳೆದೆ. 25 ನಿಮಿಷದಲ್ಲಿ ಸೋಸಿ ಮುಗಿಯಿತು. ಏಪ್ರಿಲ್‌ನ ಎರಡೂವರೆ ಗಂಟೆಗೆ ಹೋಲಿಸಿ. ಉಳಿದ ಸಿಪ್ಪೆ ಪಕ್ಕದ ಮನೆಯ ಕೋಳಿಗಳಿಗೆ ಹೋಯಿತು. ಈಗ ಮುಟ್ಟಿದರೆ ಅದು ಅಂಟುವುದಿಲ್ಲ, ಒದ್ದೆ ಹುಲ್ಲಿನ ಹಾಗೆ ಉದುರುತ್ತದೆ.

ಕುದಿಸುವುದು, ತಣಿಸುವುದು ಮಾಮೂಲಿ ಕೆಲಸ. ಒಂದು ಗಂಟೆ ಕುದಿ. ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿಗೆ ವಿಲಾಮೆಟ್ ತಳಿ ಆರಿಸಿದೆ. ಇದು ನಮ್ಮ ಪಕ್ಕದ ಕಣಿವೆಯ ಹೆಸರಿನದೇ, 1976ರಲ್ಲಿ ಬಿಡುಗಡೆಯಾದ ತಳಿ. ಒರೆಗಾನ್‌ನ ಇನ್ನೊಂದು ಹೆಸರಾಂತ ತಳಿ ಕ್ಯಾಸ್ಕೇಡ್, 1972ರದ್ದು. ಅದು ಕಿತ್ತಳೆ ಸಿಪ್ಪೆಯ ಘಮದಿಂದ ರಾಗಿಯನ್ನು ಮುಚ್ಚಿಬಿಡುತ್ತದೆ. ವಿಲಾಮೆಟ್‌ಗೆ ಮಣ್ಣಿನ ಘಮ, ರಾಗಿಯ ಜೊತೆ ಹೊಂದುತ್ತದೆ. ಕುದಿ ಶುರುವಾದಾಗ 20 ಗ್ರಾಂ, ಕೊನೆಯ 10 ನಿಮಿಷಕ್ಕೆ 10 ಗ್ರಾಂ. ತಾಮ್ರದ ಸುರುಳಿಯಲ್ಲಿ ನಲ್ಲಿ ನೀರು ಹಾಯಿಸಿ 20 ನಿಮಿಷದಲ್ಲಿ 18 ಡಿಗ್ರಿಗೆ ಇಳಿಸಿದೆ. ಇಲ್ಲಿಂದ ಮುಂದೆ ಬಿಯರ್ ಮುಟ್ಟುವ ಪ್ರತಿಯೊಂದೂ ಸ್ಯಾನಿಟೈಸರ್‌ನಲ್ಲಿ ಅದ್ದಿದ್ದೇ ಇರಬೇಕು, ಇದರಲ್ಲಿ ರಿಯಾಯಿತಿ ಬೇಡ.

ಹೈಡ್ರೋಮೀಟರ್ 1.046. ಹುದುಗುವ ಡಬ್ಬಿಗೆ 9 ಲೀಟರ್. ಯುಎಸ್-05 ಒಣ ಯೀಸ್ಟ್ ಅರ್ಧ ಪೊಟ್ಟಣ. ಅಕ್ಟೋಬರ್‌ನಲ್ಲಿ ನೆಲಮಾಳಿಗೆ 16 ಡಿಗ್ರಿ ಇರುತ್ತದೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಡಬ್ಬಿಗೆ ಅಂಟಿಸಿದ ಥರ್ಮಾಮೀಟರ್ 19 ತೋರಿಸಿತು. ಫ್ರಿಜ್ ಬೇಕಾಗಲಿಲ್ಲ. 24 ಡಿಗ್ರಿ ದಾಟಿದರೆ ಬಿಯರ್‌ಗೆ ಗಂಟಲು ಸುಡುವ ಖಾರ ಬರುತ್ತದೆ, ಬೇಸಗೆಯಲ್ಲಿ ಮಾಡುವವರು ಹುಷಾರು.

ಮಾರನೇ ದಿನ ಬೆಳಿಗ್ಗೆ ಏರ್‌ಲಾಕ್, ಅಂದರೆ ಡಬ್ಬಿಯ ಗಾಳಿಯನ್ನು ಹೊರಗೆ ಮಾತ್ರ ಬಿಡುವ ಮುಚ್ಚಳದ ಕೊಳವೆ, ಗುಳುಗುಳು ಅನ್ನುತ್ತಿತ್ತು. ನೊರೆಯ ಬಣ್ಣ ಬಾರ್ಲಿ ಬಿಯರ್‌ನದಲ್ಲ, ರಾಗಿ ಹಾಲಿನ ಹಾಗೆ ತಿಳಿ ಗುಲಾಬಿ ಕಂದು. ಎರಡು ವಾರಕ್ಕೆ ಹೈಡ್ರೋಮೀಟರ್ 1.010ಕ್ಕೆ ಇಳಿದು, ಮೂರು ದಿನ ಅಲ್ಲೇ ನಿಂತಿತು. ಮದ್ಯಸಾರ ಸುಮಾರು 4.7 ಪರ್ಸೆಂಟ್. ಅಂಕಿ ಮೂರು ದಿನ ಅಲುಗದೇ ನಿಂತ ಮೇಲೆಯೇ ಬಾಟಲಿಗೆ ಹಾಕಬೇಕು. 56 ಗ್ರಾಂ ಸಕ್ಕರೆಯನ್ನು ಕುದಿಸಿದ ನೀರಲ್ಲಿ ಕರಗಿಸಿ ಬೆರೆಸಿ, ಬಾಟಲಿ ತುಂಬಿ ಮುಚ್ಚಳ ಒತ್ತಿದೆ. ಒಟ್ಟು 25 ಬಾಟಲಿ.

ಕುಡಿದು ನೋಡಿದ್ದು

ಮೂರು ವಾರ ಕಾದು ಮೊದಲ ಬಾಟಲಿ ತೆಗೆದೆ. ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ, ಸ್ವಲ್ಪ ಮಬ್ಬು. ನೊರೆ ಬೆರಳಗಲ, ಎರಡು ನಿಮಿಷ ನಿಂತಿತು. ಮೂಗಿಗೆ ಮೊದಲು ಹುರಿಹಿಟ್ಟು, ಆಮೇಲೆ ಒಣ ಹುಲ್ಲು. 100 ಗ್ರಾಂ ಹುರಿದ ರಾಗಿ ಇಡೀ 9 ಲೀಟರ್‌ಗೆ ತನ್ನ ಘಮ ಕೊಟ್ಟಿದೆ. ಬಾಯಲ್ಲಿ ಹಗುರ, ಒಣ, ಕಹಿ ಹಿತವಾಗಿದೆ.

ಕೊನೆಗೆ ಒಗರು. ಹಸಿ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಅಂಚು ಹಿಡಿಯುತ್ತದಲ್ಲ, ಅದರ ಹತ್ತರಲ್ಲಿ ಒಂದು ಪಾಲು. ರಾಗಿಯ ಕೆಂಪು ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಬಿಯರ್ ಮಬ್ಬಾಗುವುದಕ್ಕೂ ಒಗರಿಗೂ ಅದೇ ಕಾರಣ. ನಾನು ಸಿಪ್ಪೆ ಸಮೇತ 20 ನಿಮಿಷ ಕುದಿಸಿದೆ, ಅದು ಜಾಸ್ತಿಯಾಯಿತು. ಮುಂದಿನ ಸಲ 10 ನಿಮಿಷಕ್ಕೆ ನಿಲ್ಲಿಸುತ್ತೇನೆ, ತೊಳೆಯುವ ನೀರಿಗೆ ಸ್ವಲ್ಪ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಎಚ್ ಇಳಿಸುತ್ತೇನೆ. ನೀರು ಕ್ಷಾರವಾದಷ್ಟೂ ಸಿಪ್ಪೆಯಿಂದ ಒಗರು ಜಾಸ್ತಿ ಇಳಿಯುತ್ತದೆ.

ಆರನೇ ವಾರ ಇನ್ನೊಂದು ಬಾಟಲಿ ತೆಗೆದೆ. ಒಗರು ಅರ್ಧಕ್ಕಿಳಿದಿತ್ತು, ಬಾಟಲಿಯ ತಳದಲ್ಲಿ ಕಂದು ಗಸಿ ಕೂತಿತ್ತು. ಹಾಗಾಗಿ ಎರಡು ಬಾಟಲಿ ಯುಗಾದಿ ತನಕ ಮುಟ್ಟುವುದಿಲ್ಲ ಅಂತ ಮುಚ್ಚಳದ ಮೇಲೆ ಬರೆದು ನೆಲಮಾಳಿಗೆಯ ಕೆಳಗಿನ ಹಲಗೆಗೆ ತಳ್ಳಿದ್ದೇನೆ. ಡಿಹೈಡ್ರೇಟರ್‌ನಲ್ಲಿ ಮುಂದಿನ ರಾಗಿ ಒಣಗುತ್ತಿದೆ, ಇನ್ನು ಏಳು ಗಂಟೆ ಬಾಕಿ.